ಮಳೆ ಎಷ್ಟು ಬಿತ್ತು ಎಂಬುದಲ್ಲ, ನೀರು ಎಷ್ಟು ದಿನ ಉಳಿಯುತ್ತದೆ ಎಂಬುದೇ ಲೆಕ್ಕ



ಏಪ್ರಿಲ್ ಕಳೆದು ಮೇ ತಿಂಗಳು ಬಂತೆಂದರೆ ಚಿಕಿತ್ಸಾಲಯಕ್ಕೆ ಬರುವವರ ದೂರುಗಳು ಬದಲಾಗುತ್ತವೆ. ಉರಿಮೂತ್ರ, ಮೂತ್ರಪಿಂಡದ ಕಲ್ಲಿನ ನೋವು, ಮಕ್ಕಳ ಭೇದಿ, ತೊಡೆಸಂದಿನ ತುರಿಕೆ. ಈ ನಾಲ್ಕೂ ಒಟ್ಟಿಗೆ ಹೆಚ್ಚಾದಾಗ ಔಷಧಿ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ?"

2019ರ ರಮಝಾನ್ ಮೇ ಮೊದಲ ವಾರದಲ್ಲಿ ಆರಂಭವಾಯಿತು. ಮಂಗಳೂರಿನಲ್ಲಿ ಆಗ ನೀರಿನ ರೇಷನಿಂಗ್ ನಡೆಯುತ್ತಿತ್ತು. ಭೇದಿಯಿಂದ ಸೊರಗಿದ್ದ ಮೂರು ವರ್ಷದ ಮಗುವನ್ನು ಕರೆತಂದ ತಾಯಿಯೊಬ್ಬರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ಕುಡಿಯಲಿಕ್ಕೆ ನೀರು ಉಳಿಯಬೇಕಲ್ಲ ಡಾಕ್ಟ್ರೇ, ಅದಕ್ಕೆ ಕೈ ತೊಳೆಯುವುದನ್ನು ಕಡಿಮೆ ಮಾಡಿದ್ದೇವೆ." ಆ ತಾಯಿ ತಪ್ಪು ಮಾಡಬೇಕೆಂದು ಮಾಡಿದ್ದಲ್ಲ. ಮನೆಯ ನೀರಿನ ಲೆಕ್ಕ ಕೈಯಲ್ಲಿಲ್ಲದೆ, ಉಳಿಸಬಾರದ ಕಡೆ ಉಳಿಸಿದ್ದರು. ಆ ಲೆಕ್ಕವನ್ನು ಹಾಕುವುದು ಹೇಗೆ ಎಂಬುದೇ ಈ ತಿಂಗಳ ಪಾಠ.

ವೈದ್ಯರಿಗೂ ಮಳೆಗೂ ಏನು ಸಂಬಂಧ?

ಯುನಾನಿ ವೈದ್ಯಪದ್ಧತಿಯಲ್ಲಿ ಈ ಸಂಬಂಧ ಹಳೆಯದು. ನಾವು ಬುಕ್ರಾತ್ ಎಂದು ಕರೆಯುವ ಹಿಪ್ಪೊಕ್ರೆಟಿಸ್‌ನ ಹೆಸರಿನಲ್ಲಿ ಗಾಳಿ, ನೀರು ಮತ್ತು ಸ್ಥಳಗಳ ಬಗ್ಗೆ ಒಂದು ಗ್ರಂಥವಿದೆ. ಹೊಸ ಊರಿಗೆ ಬಂದ ವೈದ್ಯನು ಮೊದಲು ಅಲ್ಲಿನ ಋತುಗಳನ್ನು, ಗಾಳಿಯನ್ನು, ಜನರು ಕುಡಿಯುವ ನೀರನ್ನು ತಿಳಿದುಕೊಳ್ಳಬೇಕು ಎಂಬುದು ಅದರ ಸಾರ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಗಾಳಿ, ಎರಡನೆಯದು ಆಹಾರ ಮತ್ತು ಪಾನೀಯ. ಊರಿನ ನೀರನ್ನು ಅರಿಯದ ಹಕೀಮನು ಅರ್ಧ ರೋಗಿಯನ್ನಷ್ಟೇ ನೋಡಿದಂತೆ.

ಪವಿತ್ರ ಕುರ್‌ಆನಿನ ಅಲ್ ಮುಅ್‌ಮಿನೂನ್ ಅಧ್ಯಾಯದ 18ನೇ ಸೂಕ್ತದಲ್ಲಿ ಮೂರು ವಿಷಯಗಳಿವೆ. ಆಕಾಶದಿಂದ ನೀರು ಇಳಿಯುವುದು ಒಂದು ಪ್ರಮಾಣಕ್ಕನುಸಾರ, ಅದು ಭೂಮಿಯಲ್ಲಿ ನೆಲೆಗೊಳ್ಳುತ್ತದೆ, ಮತ್ತು ಅದನ್ನು ಹಿಂದಕ್ಕೆ ಪಡೆಯಲೂ ಅಲ್ಲಾಹನು ಶಕ್ತನು. ಒಂದು ಊರಿನ ನೀರನ್ನು ಅಂದಾಜು ಮಾಡಲು ಕೇಳಬೇಕಾದ ಪ್ರಶ್ನೆಗಳೂ ಇವೇ. ಎಷ್ಟು ಇಳಿಯಿತು? ಎಷ್ಟು ನೆಲೆನಿಂತಿತು? ಎಷ್ಟು ಹೊರಟುಹೋಯಿತು?

ಮೊದಲ ಹೆಜ್ಜೆ: ಮಿಲಿಮೀಟರನ್ನು ಲೀಟರಿಗೆ ತನ್ನಿ

ಪತ್ರಿಕೆಯಲ್ಲಿ "100 ಮಿ.ಮೀ. ಮಳೆ" ಎಂದು ಓದುತ್ತೇವೆ. ಅದರಿಂದ ಮನೆಗೇನು ತಿಳಿಯಿತು? ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಈ ಒಂದು ಸೂತ್ರ ನೆನಪಿದ್ದರೆ ಸಾಕು.

ನಿಮ್ಮ ಮನೆಯ ಛಾವಣಿ 100 ಚದರ ಮೀಟರ್, ಅಂದರೆ ಸುಮಾರು 1,075 ಚದರ ಅಡಿ ಇದೆ ಎನ್ನಿ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,800 ಮಿ.ಮೀ. ಮಳೆಯಾಗುತ್ತದೆ. ಚೆಲ್ಲಿಹೋಗುವುದು, ಹೀರಿಹೋಗುವುದು ಕಳೆದು ನೂರಕ್ಕೆ ಎಂಬತ್ತು ಭಾಗ ಸಿಗುತ್ತದೆ ಎಂದರೂ ವರ್ಷಕ್ಕೆ 3,04,000 ಲೀಟರ್.

ಈಗ ಖರ್ಚು. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಯೋಜನೆಗೆ ಬಳಸುವ ಅಳತೆ. ಐವರ ಮನೆಗೆ ದಿನಕ್ಕೆ 675 ಲೀಟರ್, ವರ್ಷಕ್ಕೆ ಸುಮಾರು 2,46,000 ಲೀಟರ್. ಛಾವಣಿಯ ಮೇಲೆ ಬೀಳುವ ನೀರೇ ಖರ್ಚಿಗಿಂತ ಹೆಚ್ಚು! ಹಾಗಿದ್ದೂ ಮೇ ತಿಂಗಳಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದೇಕೆ?

ಎರಡನೇ ಹೆಜ್ಜೆ: ವರ್ಷದ ಅಂಕಿ ಬಿಟ್ಟು ತಿಂಗಳ ಅಂಕಿ ನೋಡಿ

ವರ್ಷದ ಸರಾಸರಿ ಒಂದು ಮೋಸದ ಅಂಕಿ. ಮಂಗಳೂರಿನ ಮಳೆಯನ್ನು ತಿಂಗಳುಗಳಿಗೆ ಹಂಚಿ ನೋಡಿ. ಜೂನ್‌ನಲ್ಲಿ ಸುಮಾರು 1,000 ಮಿ.ಮೀ., ಜುಲೈಯಲ್ಲಿ 1,200, ಆಗಸ್ಟ್‌ನಲ್ಲಿ 800. ಮೂರೇ ತಿಂಗಳಲ್ಲಿ ವರ್ಷದ ಮಳೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಗಿದುಹೋಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳಿಗೆ ಸೇರಿ ಸಿಗುವುದು 20 ಮಿ.ಮೀ. ಆಸುಪಾಸು.

ಅದೇ ಮನೆಯ ಲೆಕ್ಕವನ್ನು ಮತ್ತೆ ಹಾಕೋಣ. ಜುಲೈಯಲ್ಲಿ ಛಾವಣಿಗೆ ಬರುವ ನೀರು ಸುಮಾರು 96,000 ಲೀಟರ್, ಖರ್ಚು 21,000. ಉಳಿದ 75,000 ಲೀಟರ್ ಚರಂಡಿಯ ಮೂಲಕ ಕಡಲು ಸೇರುತ್ತದೆ. ಡಿಸೆಂಬರ್-ಮಾರ್ಚ್ ಅವಧಿಯಲ್ಲಿ ಖರ್ಚು ಸುಮಾರು 82,000 ಲೀಟರ್, ಬರುವುದು ಬರೀ 1,600. ಮಳೆಯ ಕೊರತೆ ಇದಲ್ಲ, ಮಳೆ ಬರುವ ಕಾಲಕ್ಕೂ ನೀರು ಬೇಕಾಗುವ ಕಾಲಕ್ಕೂ ನಡುವಿನ ಅಂತರ.

ಮೂರನೇ ಹೆಜ್ಜೆ: ಒಣ ದಿನಗಳನ್ನು ಎಣಿಸಿ

ಮಂಗಳೂರು ನಗರಕ್ಕೆ ನೀರು ಬರುವುದು ನೇತ್ರಾವತಿಯಿಂದ, ಬಂಟ್ವಾಳ ತಾಲೂಕಿನ ತುಂಬೆಯಲ್ಲಿರುವ ಕಿಂಡಿ ಅಣೆಕಟ್ಟಿನಿಂದ. ಕಿಂಡಿ ಅಣೆಕಟ್ಟು ದೊಡ್ಡ ಜಲಾಶಯದಂತಲ್ಲ. ಮಳೆಗಾಲದಲ್ಲಿ ಬಾಗಿಲು ತೆರೆದು ಪ್ರವಾಹವನ್ನು ಬಿಟ್ಟುಬಿಡಬೇಕು. ಮಳೆ ಇಳಿದ ಮೇಲೆ ಬಾಗಿಲು ಮುಚ್ಚಿ, ಘಟ್ಟದ ಮಣ್ಣು ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ಹರಿವನ್ನು ಹಿಡಿದಿಡಬೇಕು. ಆದ್ದರಿಂದ ಜುಲೈಯ ಪ್ರವಾಹ ಎಷ್ಟೇ ಭಯಂಕರವಾಗಿದ್ದರೂ ಅದು ಮೇ ತಿಂಗಳ ನೀರಲ್ಲ. ಮಳೆ ಎಂದು ನಿಂತಿತು, ಮುಂದಿನ ಮಳೆ ಎಂದು ಬರುತ್ತದೆ ಎಂಬ ಎರಡು ದಿನಾಂಕಗಳ ನಡುವೆ ನಗರದ ಭವಿಷ್ಯ ಇದೆ.

2018ರ ಆಗಸ್ಟ್‌ನಲ್ಲಿ ಕೊಡಗು, ಕೇರಳ ಪ್ರವಾಹದಲ್ಲಿ ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮರುವರ್ಷದ ಬೇಸಿಗೆಯಲ್ಲೇ ಮಂಗಳೂರಿಗೆ ರೇಷನಿಂಗ್ ಬಂತು. 2016ರಲ್ಲೂ 2023ರಲ್ಲೂ ಇದೇ ಅನುಭವ. ಈ ಮೂರು ವರ್ಷಗಳ ಮುಂಗಾರು ಕೇರಳ ತಲುಪಿದ ದಿನಾಂಕ ನೋಡಿ: 2016ರಲ್ಲಿ ಜೂನ್ 8, 2019ರಲ್ಲಿ ಜೂನ್ 8, 2023ರಲ್ಲಿ ಜೂನ್ 8. ವಾಡಿಕೆಯ ದಿನ ಜೂನ್ 1. ಕೊರತೆ ಅದಕ್ಕೂ ಮೊದಲೇ ಶುರುವಾಗಿತ್ತು ನಿಜ. ಆದರೆ ತಳ ಕಂಡ ಪಾತ್ರೆಗೆ ಒಂದು ವಾರವೂ ದೊಡ್ಡದೇ. ನಗರಕ್ಕೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ಪೂರೈಕೆಯಾಗುತ್ತದೆ ಎಂದು ಹಿಡಿದರೆ, ಒಂದು ವಾರದ ವಿಳಂಬ ಎಂದರೆ 112 ಕೋಟಿ ಲೀಟರ್ ಹೆಚ್ಚುವರಿ ಬೇಡಿಕೆ.

ಆದ್ದರಿಂದ ಸರಾಸರಿಯನ್ನು ನಂಬಿ ಯೋಜನೆ ಮಾಡಬಾರದು. ನೀರಾವರಿ ಎಂಜಿನಿಯರುಗಳು ಒಂದು ಸರಳ ಉಪಾಯ ಬಳಸುತ್ತಾರೆ. ನಿಮ್ಮ ಊರಿನ ಇಪ್ಪತ್ತು ವರ್ಷಗಳ ಮಳೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ಮೇಲಿನಿಂದ ಹದಿನೈದನೆಯ ಅಂಕಿಯನ್ನು ಗುರುತಿಸಿ. ಇಪ್ಪತ್ತರಲ್ಲಿ ಹದಿನೈದು ವರ್ಷ ಕನಿಷ್ಠ ಅಷ್ಟು ಮಳೆ ಬಂದಿದೆ ಎಂದು ಅರ್ಥ. ಯೋಜನೆ ಆ ಅಂಕಿಯ ಮೇಲೆ ನಿಲ್ಲಬೇಕು. ಒಣ ದಿನಗಳಿಗೂ ಹೀಗೆಯೇ ಲೆಕ್ಕ ಹಾಕಬಹುದು. ಮಳೆಯ ಅಂಕಿಗಳು ಭಾರತೀಯ ಹವಾಮಾನ ಇಲಾಖೆಯಲ್ಲಿ, ಮತ್ತು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಒಂದು ಸಂಜೆಯ ಕೆಲಸ.

ನಾಲ್ಕನೇ ಹೆಜ್ಜೆ: ಹೊರಟುಹೋಗುವ ನೀರನ್ನು ಕಳೆಯಿರಿ

ಬೇಸಿಗೆಯ ಬಿಸಿಲಿಗೆ ತೆರೆದ ನೀರು ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆ ಎಂದು ಹಿಡಿಯಿರಿ. 10 ಚದರ ಮೀಟರ್ ಬಾಯಿಯ ತೆರೆದ ತೊಟ್ಟಿಯಿಂದ ದಿನಕ್ಕೆ 50 ಲೀಟರ್ ಮಾಯ. ಮುಚ್ಚಳ ಹಾಕಿದರೆ ಅಷ್ಟೂ ಉಳಿತಾಯ.

ಇನ್ನು ಮಣ್ಣು. ಕರಾವಳಿಯ ಮುರಕಲ್ಲು ರಂಧ್ರಗಳಿಂದ ತುಂಬಿದ ಕಲ್ಲು. ಜೂನ್‌ನಲ್ಲಿ ಬಾವಿ ಬೇಗ ತುಂಬುವುದೂ, ಮಾರ್ಚ್‌ನಲ್ಲಿ ಬೇಗ ಇಳಿಯುವುದೂ ಅದೇ ಕಾರಣಕ್ಕೆ. ಅಂಗಳಕ್ಕೆಲ್ಲ ಕಾಂಕ್ರೀಟ್, ಇಂಟರ್‌ಲಾಕ್ ಹಾಸಿದರೆ ನೀರು ನೆಲದೊಳಗೆ ಇಳಿಯುವ ದಾರಿಯೇ ಮುಚ್ಚುತ್ತದೆ. ಕಡಲತಡಿಯಲ್ಲಿ ಇನ್ನೊಂದು ಅಪಾಯವಿದೆ. ಬಾವಿಯ ಸಿಹಿನೀರನ್ನು ಪಂಪಿನಿಂದ ಅತಿಯಾಗಿ ಎಳೆದರೆ ಉಪ್ಪುನೀರು ಒಳಗೆ ನುಗ್ಗುತ್ತದೆ. ರಕ್ತದೊತ್ತಡ ಇರುವವರಿಗೆ ಆ ನೀರು ಕುಡಿಯುವುದು ಒಳ್ಳೆಯದಲ್ಲ. ಬಾವಿ ನೀರಿನ ರುಚಿ ಬದಲಾದರೆ ಪರೀಕ್ಷೆ ಮಾಡಿಸಿ.

ಐದನೇ ಹೆಜ್ಜೆ: ಅಗತ್ಯವನ್ನು ಮೂರು ಭಾಗ ಮಾಡಿ

ಇಲ್ಲಿಯೇ ಆ ತಾಯಿಯ ಲೆಕ್ಕ ತಪ್ಪಿದ್ದು. ಮನೆಯ ನೀರನ್ನು ಮೂರು ಭಾಗವಾಗಿ ನೋಡಿ.

ಒಂದು, ಕುಡಿಯಲು ಮತ್ತು ಅಡುಗೆಗೆ. ಒಬ್ಬರಿಗೆ ದಿನಕ್ಕೆ 7 ಲೀಟರ್ ಎಂದರೆ ಐವರಿಗೆ 35 ಲೀಟರ್.

ಎರಡು, ಶುಚಿತ್ವಕ್ಕೆ: ಕೈ ತೊಳೆಯುವುದು, ಶೌಚ, ವುಝೂ, ಸ್ನಾನ, ಪಾತ್ರೆ. ಸೋಪು ಹಚ್ಚಿ ಒಮ್ಮೆ ಕೈ ತೊಳೆಯಲು ಅರ್ಧ ಲೀಟರ್ ಸಾಕು. ಐವರು ದಿನಕ್ಕೆ ಆರು ಸಲ ತೊಳೆದರೂ 15 ಲೀಟರ್. ಹಳೆಯ ಮಾದರಿಯ ಫ್ಲಶ್ ಟ್ಯಾಂಕನ್ನು ಎರಡು ಸಲ ಒತ್ತಿದರೆ ಹೋಗುವ ನೀರಿಗಿಂತ ಇದು ಕಡಿಮೆ!

ಮೂರು, ಉಳಿದದ್ದು: ಫ್ಲಶ್, ನೆಲ ಒರೆಸುವುದು, ವಾಹನ, ಗಿಡ, ಬಟ್ಟೆ.

ಕೊರತೆ ಬಂದಾಗ ಮೂರನೆಯದನ್ನು ಕತ್ತರಿಸಿ. ಎರಡನೆಯದರಲ್ಲಿ ವ್ಯರ್ಥವಾಗುವುದನ್ನು ಮಾತ್ರ ನಿಲ್ಲಿಸಿ. ಮೊದಲನೆಯದನ್ನು ಮುಟ್ಟಬೇಡಿ. ಕೈ ತೊಳೆಯುವ 15 ಲೀಟರನ್ನು ಉಳಿಸಲು ಹೋದರೆ ಮಗುವಿನ ದೇಹದ ನೀರೇ ಖಾಲಿಯಾಗುತ್ತದೆ.

ವುಝೂವಿನ ನೀರು

ಪ್ರವಾದಿ ಮುಹಮ್ಮದ್(ಸ)ರು ಒಂದು ಮುದ್ದ್ ನೀರಿನಿಂದ ವುಝೂ, ಒಂದು ಸಾಅ್ ಆಸುಪಾಸು ನೀರಿನಿಂದ ಸ್ನಾನ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಮುದ್ದ್ ಎಂದರೆ ಇಂದಿನ ಅಳತೆಯಲ್ಲಿ ಮುಕ್ಕಾಲು ಲೀಟರಿನಷ್ಟು, ಸಾಅ್ ಅದರ ನಾಲ್ಕು ಪಟ್ಟು. ನೀವೊಂದು ಪರೀಕ್ಷೆ ಮಾಡಿ. ನಲ್ಲಿಯ ಕೆಳಗೆ ಬಾಲ್ದಿ ಇಟ್ಟು, ಎಂದಿನಂತೆ ವುಝೂ ಮಾಡಿ, ಬಾಲ್ದಿಯ ನೀರನ್ನು ಅಳೆಯಿರಿ. ನಲ್ಲಿ ಪೂರ್ತಿ ತೆರೆದಿಟ್ಟು ಎರಡು ನಿಮಿಷ ತೆಗೆದುಕೊಳ್ಳುವವರ ಬಾಲ್ದಿಯಲ್ಲಿ 10 ಲೀಟರ್ ಸುಲಭವಾಗಿ ತುಂಬುತ್ತದೆ.

ಮನೆಯಲ್ಲಿ ದಿನಕ್ಕೆ 20 ವುಝೂ ಎಂದರೆ 200 ಲೀಟರ್. ಚೊಂಬಿನಲ್ಲಿ ಒಂದೂವರೆ ಲೀಟರ್ ಹಿಡಿದು ಮಾಡಿದರೆ 30 ಲೀಟರ್. ಉಳಿತಾಯ 170 ಲೀಟರ್, ಒಬ್ಬ ಮನುಷ್ಯನ ಇಡೀ ದಿನದ ಪಾಲಿಗಿಂತ ಹೆಚ್ಚು. ಇಷ್ಟಕ್ಕೆ ಶುಚಿತ್ವದಲ್ಲಿ ಒಂದು ಹನಿಯಷ್ಟೂ ಕೊರತೆಯಿಲ್ಲ, ಸುನ್ನತ್ತೂ ಪಾಲನೆಯಾಯಿತು.

ಮಸೀದಿ ಸಮಿತಿಯವರಿಗೂ ಒಂದು ಮಾತು. 500 ಚದರ ಮೀಟರ್ ಛಾವಣಿಯ ಮಸೀದಿಯ ಮೇಲೆ ಮಂಗಳೂರಿನಲ್ಲಿ ವರ್ಷಕ್ಕೆ 15 ಲಕ್ಷ ಲೀಟರ್ ನೀರು ಸಿಗುತ್ತದೆ. ಅದನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುತೊಟ್ಟಿಯ ಮೂಲಕ ಮಸೀದಿಯ ಬಾವಿಗೆ ಇಳಿಸಿದರೆ ಸುತ್ತಲಿನ ಮನೆಗಳ ಬಾವಿಗಳಿಗೂ ಉಪಕಾರ. ನೀರು ಕುಡಿಸುವುದು ಸದಕ ಎಂದು ನಾವು ನಂಬಿದ್ದೇವೆ. ಬಾವಿಗೆ ನೀರು ಕುಡಿಸುವುದೂ ಅದೇ ದಾರಿಯದ್ದು. ಕಕ್ಕಸು ಗುಂಡಿಯ ಬಳಿ ಮಾತ್ರ ನೀರು ಇಂಗಿಸಬೇಡಿ.

ಮಳೆ ಕಡಿಮೆ ಇರುವ ಊರಿನವರಿಗೆ

"ನಮ್ಮದು ಕರಾವಳಿಯಲ್ಲ, ನಮಗೆ ಈ ಲೆಕ್ಕ ಹೊಂದುತ್ತದೆಯೇ?" ಎಂದು ಬಯಲುಸೀಮೆಯ ಓದುಗರು ಕೇಳಬಹುದು. ವಿಜಯಪುರವನ್ನು ನೋಡೋಣ. ಅಲ್ಲಿನ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಮಂಗಳೂರಿನ ಆರನೇ ಒಂದು ಪಾಲು. ಆದರೂ ಆದಿಲ್ ಶಾಹಿ ಕಾಲದಲ್ಲಿ ಅದು ಭಾರತದ ದೊಡ್ಡ ನಗರಗಳಲ್ಲಿ ಒಂದಾಗಿ ಬಾಳಿತು. 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ನೆಲದಡಿಯ ಮಣ್ಣಿನ ಕೊಳವೆಗಳು, ಕೊಳವೆಯ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು ಇಂದಿಗೂ ಅಲ್ಲಿವೆ. ಮಳೆ ಕಡಿಮೆ ಎಂದು ಅರಿತಿದ್ದವರು ಹಿಡಿದಿಡಲು ಕಲಿತರು. ಮಳೆ ಧಾರಾಳ ಎಂದುಕೊಂಡ ನಾವು ಹರಿಯಬಿಟ್ಟೆವು.

ವಿಜಯಪುರದಲ್ಲಿ 100 ಚದರ ಮೀಟರ್ ಛಾವಣಿಗೆ ವರ್ಷಕ್ಕೆ 48,000 ಲೀಟರ್ ಸಿಗುತ್ತದೆ. ಐವರು ವರ್ಷವಿಡೀ ಕುಡಿಯಲು, ಅಡುಗೆ ಮಾಡಲು ಬೇಕಾಗುವುದು ಸುಮಾರು 12,800 ಲೀಟರ್. ಅಂದರೆ ಅಲ್ಲಿಯೂ ಛಾವಣಿಯ ನೀರು ಗಂಟಲಿಗೆ ಸಾಕು, ಹಿಡಿದಿಡುವ ಪಾತ್ರೆ ಇದ್ದರೆ.

ಪಾತ್ರೆ ಎಷ್ಟು ದೊಡ್ಡದಿರಬೇಕು?

10,000 ಲೀಟರಿನ ಒಂದು ತೊಟ್ಟಿಯನ್ನು ಎಲ್ಲ ಖರ್ಚಿಗೂ ಬಳಸಿದರೆ, ದಿನಕ್ಕೆ 675 ಲೀಟರಿನಂತೆ ಹದಿನೈದು ದಿನಕ್ಕೆ ಖಾಲಿ. ಅದೇ ತೊಟ್ಟಿಯನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ಮೀಸಲಿಟ್ಟರೆ, ದಿನಕ್ಕೆ 35 ಲೀಟರಿನಂತೆ 285 ದಿನ ಬರುತ್ತದೆ. ನವೆಂಬರಿನಿಂದ ಮೇ ಕೊನೆಯವರೆಗೆ 212 ದಿನ. ಜೂನ್ ಎರಡನೇ ವಾರಕ್ಕೆ ಮಳೆ ತಡವಾದರೂ ನಿಮ್ಮ ಮನೆಯಲ್ಲಿ ಕುಡಿಯುವ ನೀರಿರುತ್ತದೆ.

ತುಂಬಿಸುವಾಗ ಕೆಲವು ಎಚ್ಚರಗಳು. ಜೂನ್‌ನ ಮೊದಲ ಮಳೆಗಳು ಛಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆಯುತ್ತವೆ, ಅದನ್ನು ಹೊರಗೆ ಬಿಡಿ. ಬೇಸಿಗೆಗೆಂದು ಇಡುವ ನೀರನ್ನು ಸೆಪ್ಟೆಂಬರ್-ಅಕ್ಟೋಬರಿನ ಮಳೆಯಲ್ಲಿ, ಛಾವಣಿ ಗುಡಿಸಿ ತುಂಬಿಸಿ. ಆಸ್ಬೆಸ್ಟಾಸ್ ಶೀಟಿನ ನೀರು ಕುಡಿಯಲು ಬೇಡ. ತೊಟ್ಟಿಗೆ ಬೆಳಕು ಬೀಳಬಾರದು, ಬಾಯಿಗೆ ಬಿಗಿಯಾದ ಮುಚ್ಚಳ, ಕೊಳವೆಗೆ ಸಣ್ಣ ಕಣ್ಣಿನ ಬಲೆ ಇರಲಿ. ಹೇಗಿದ್ದರೂ ಕುಡಿಯುವ ಮೊದಲು ಕುದಿಸಿ. ಗುಳ್ಳೆ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿದರೆ ಸಾಕು. ಕುದಿಸಿದ ನೀರನ್ನು ಇಬ್ನು ಸೀನಾರೂ ಉತ್ತಮವೆಂದು ಬಗೆದಿದ್ದರು. ಕ್ರಿಮಿಗಳ ವಿಷಯ ಆ ಕಾಲಕ್ಕೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ.

ಕೊರತೆಯ ದಿನಗಳಲ್ಲಿ ಆರೋಗ್ಯ

ನೀರು ಎರಡು ದಿನಕ್ಕೊಮ್ಮೆ ಬರುವಾಗ ಖಾಲಿ ಕೊಳವೆಯ ಬಿರುಕುಗಳಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಆದ್ದರಿಂದ ನಲ್ಲಿ ಬಂದಾಗ ಮೊದಲ ಎರಡು ಬಾಲ್ದಿಯನ್ನು ಶೌಚಾಲಯಕ್ಕೆ ಇಡಿ, ಅನಂತರದ್ದನ್ನು ಅಡುಗೆಮನೆಗೆ ತನ್ನಿ. ಕಾಮಾಲೆ, ಟೈಫಾಯ್ಡ್ ಈ ಎಚ್ಚರದಿಂದಲೂ ಕುದಿಸುವುದರಿಂದಲೂ ದೂರವಿರುತ್ತವೆ.

ಡ್ರಮ್ಮುಗಳಲ್ಲಿ ನೀರು ತುಂಬಿಟ್ಟರೆ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ, ಶುಕ್ರವಾರವೇ ಇರಲಿ, ಡ್ರಮ್ಮನ್ನು ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಮಲೇರಿಯಾದ ಕಾಟ ಬಲ್ಲ ಮಂಗಳೂರಿನವರು ಮಾಳಿಗೆಯ ಟ್ಯಾಂಕಿನ ಮುಚ್ಚಳವನ್ನೂ ನೋಡಿಕೊಳ್ಳಬೇಕು.

ನಾವು ಖಾರೂರಾ, ಅಂದರೆ ಮೂತ್ರದ ಬಣ್ಣ ನೋಡಿ ದೇಹದ ಸ್ಥಿತಿ ತಿಳಿಯುವುದುಂಟು. ಈ ಪರೀಕ್ಷೆ ನೀವೂ ಮಾಡಬಹುದು. ತಿಳಿ ಹುಲ್ಲಿನ ಬಣ್ಣ ಇದ್ದರೆ ನೀರು ಸಾಕಾಗಿದೆ, ಗಾಢ ಹಳದಿಯಾದರೆ ಸಾಲದು. ಉಪವಾಸದ ದಿನಗಳಲ್ಲಿ ಇಫ್ತಾರಿನಿಂದ ಸಹರಿಯವರೆಗೆ ಎರಡು, ಎರಡೂವರೆ ಲೀಟರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಬಾರ್ಲಿ ನೀರು, ಕಾಮಕಸ್ತೂರಿ ಬೀಜದ ಪಾನಕ ತಂಪಿಗೆ ಒಳ್ಳೆಯದು. ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ.

ಮಗುವಿಗೆ ಭೇದಿಯಾದರೆ ನೀರು ಕೊಡುವುದನ್ನು ನಿಲ್ಲಿಸಬೇಡಿ. ಓಆರ್‌ಎಸ್ ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಆಗಾಗ ಕುಡಿಸಿ. ಎದೆಹಾಲು ಮುಂದುವರಿಯಲಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಈ ತಿಂಗಳ ಮನೆಗೆಲಸ

ಒಂದು ಹಾಳೆಯಲ್ಲಿ ಐದು ಸಾಲು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.

1. ನಮ್ಮ ಛಾವಣಿ ಎಷ್ಟು ಚದರ ಮೀಟರ್?
2. ನಮ್ಮ ಊರಿನಲ್ಲಿ ಯಾವ ತಿಂಗಳು ಎಷ್ಟು ಮಿ.ಮೀ. ಮಳೆ?
3. ಕಳೆದ ವರ್ಷ ಮಳೆ ಎಂದು ನಿಂತಿತು, ಎಂದು ಮತ್ತೆ ಬಂತು? ನಡುವೆ ಎಷ್ಟು ದಿನ?
4. ನಮ್ಮ ಮನೆಯಲ್ಲಿ ಎಷ್ಟು ಲೀಟರ್ ಹಿಡಿದಿಡುವ ಪಾತ್ರೆಗಳಿವೆ?
5. ಕುಡಿಯಲು, ಶುಚಿತ್ವಕ್ಕೆ, ಉಳಿದದ್ದಕ್ಕೆ ದಿನಕ್ಕೆ ಎಷ್ಟೆಷ್ಟು?

ನಾಲ್ಕನೆಯದನ್ನು ಐದನೆಯದರಿಂದ ಭಾಗಿಸಿದರೆ ನಿಮ್ಮ ನೀರು ಎಷ್ಟು ದಿನ ಬರುತ್ತದೆಂದು ತಿಳಿಯುತ್ತದೆ. ಆ ಅಂಕಿ ಮೂರನೆಯ ಸಾಲಿನ ಅಂಕಿಗಿಂತ ಎಷ್ಟು ಕಡಿಮೆಯೋ ಅಷ್ಟು ದಿನ ನಿಮ್ಮ ಮನೆ ನಲ್ಲಿಯನ್ನೋ ಟ್ಯಾಂಕರನ್ನೋ ಕಾಯಬೇಕು. ಈ ಲೆಕ್ಕವನ್ನು ಮಳೆ ಬೀಳುತ್ತಿರುವಾಗಲೇ ಹಾಕಿ. ಹಾಗೆ ಮಾಡಿದರೆ ಬರುವ ಮೇ ತಿಂಗಳಲ್ಲಿ ಯಾವ ತಾಯಿಯೂ ಮಗುವಿನ ಕೈ ತೊಳೆಯುವ ಅರ್ಧ ಲೀಟರಿನಲ್ಲಿ ಉಳಿತಾಯ ಮಾಡಬೇಕಾಗಿ ಬರದು, ಇನ್‌ಶಾ ಅಲ್ಲಾಹ್.